ಬಾಗಿಲಿಲ್ಲದ ಶಾಲೆ

ಹಿರಿಯ ನಕ್ಷೆಗಾರನಿಗೆ 'ಪೊರಕೆ ಸಾರ್' ಎಂದು ಹೆಸರಿಟ್ಟವನು ಯಜಮಾನರ ಅಳಿಯ. ನಗುನಗುತ್ತಲೇ ಇಟ್ಟ ಹೆಸರು. ಸಂಜೆಯೊಳಗೆ ಅದು ಕಚೇರಿಯ ಕಾವಲುಗಾರನ ಬಾಯಿಗೂ ಬಂದಿತ್ತು. ಹತ್ತೊಂಬತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನು ಅದನ್ನಾದರೂ ನುಂಗಿಕೊಂಡಾನು. ನುಂಗಲಾರದ ತುತ್ತು ಮರುವಾರ ಬಂತು: ನಕ್ಷೆ ವಿಭಾಗದ ಮುಖ್ಯಸ್ಥನ ಕುರ್ಚಿ ಅಳಿಯನ ಪಾಲಾಯಿತು.

ಕಂಪ್ಯೂಟರಿನ ನಕ್ಷೆ ನೋಡುವುದಕ್ಕೆ ಒಂದೇ ಹಾಳೆ. ಒಳಗೆ ಮಾತ್ರ ಒಂದರ ಮೇಲೊಂದು ಹಾಸಿದ ಪಾರದರ್ಶಕ ಲೇಯರುಗಳು. ಗೋಡೆಗೊಂದು, ಬಾಗಿಲಿಗೊಂದು, ನೀರಿನ ಕೊಳವೆಗೊಂದು. ಹಿರಿಯ ನಕ್ಷೆಗಾರನ ಲೇಯರುಗಳು ಕವಾಯತಿಗೆ ನಿಂತಂತೆ ನಿಲ್ಲುತ್ತಿದ್ದವು. ಅಳಿಯನ ಫೈಲು ತೆರೆದರೆ 'ಹೊಸದು', 'ಹೊಸದು ಎರಡು', 'ಕೊನೇದು', 'ನಿಜವಾಗ್ಲೂ ಕೊನೇದು' ಎಂದು ನೂರಾ ನಲವತ್ತು ಲೇಯರುಗಳ ಸಂತೆ. 'ಅಯ್ಯೋ' ಎಂಬ ಒಂದರಲ್ಲಿ ಒಂದು ಮೆಟ್ಟಿಲು, ಎರಡು ಕಿಟಕಿ, ಅರ್ಧ ಶೌಚಾಲಯ ಸಿಕ್ಕಿದ್ದವು. ಇದನ್ನು ಸರಿಪಡಿಸಲೆಂದೇ ಹಿರಿಯ ನಕ್ಷೆಗಾರ ಒಂದು ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆದುಕೊಂಡಿದ್ದ. ಓಡಿಸಿದರೆ ಸಾಕು, ಚೆಲ್ಲಾಪಿಲ್ಲಿಯಾದದ್ದನ್ನೆಲ್ಲ ಅದೇ ಆರಿಸಿ, ಹೆಸರಿಟ್ಟು, ಸಾಲಾಗಿ ಜೋಡಿಸುತ್ತಿತ್ತು. ಅದನ್ನು ತೋರಿಸಿದ ದಿನವೇ ಅವನಿಗೆ ಪೊರಕೆಯ ಬಿರುದು ಸಿಕ್ಕಿದ್ದು.

"ಪೇಪರ್ ಮೇಲೆ ಸರಿ ಬಂದ್ರೆ ಸಾಲ್ದಾ ಸಾರ್? ಒಳಗಿನ ಹೆಸರು ಯಾರು ನೋಡ್ತಾರೆ?" ಎಂದಿದ್ದ ಅಳಿಯ.

ಪೇಪರ್ ಮೇಲೆ. ಆ ಮಾತು ಹಿರಿಯ ನಕ್ಷೆಗಾರನ ತಲೆಯಲ್ಲಿ ಒಂಬತ್ತು ದಿನ ಕೊರೆಯಿತು. ಹತ್ತನೆಯ ದಿನ ಅದು ಉಪಾಯವಾಗಿ ಹೊರಬಂತು.

ಆ ತಂತ್ರಾಂಶದಲ್ಲಿ ವಿಚಿತ್ರವಾದ ಒಂದು ಲೇಯರಿದೆ. ಅದರ ಮೇಲಿರುವುದೆಲ್ಲ ಪರದೆಯಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕಾಗದಕ್ಕೆ ಇಳಿಯುವುದಿಲ್ಲ. ಹೊಸಬರು ಒಮ್ಮೆಯಾದರೂ ಅದರ ಕೈಲಿ ಸಿಕ್ಕಿ ಅತ್ತಿರುತ್ತಾರೆ. ಅಳಿಯ ಬರೆಯುತ್ತಿದ್ದ ದೊಡ್ಡ ಶಾಲೆಯ ಎಂಬತ್ತಾರು ನಕ್ಷೆಗಳಿಂದ ಬಾಗಿಲುಗಳನ್ನಷ್ಟೇ ಹೆಕ್ಕಿ ಆ ಲೇಯರಿಗೆ ದಾಟಿಸಿದರೆ? ಅಳಿಯನ ಇನ್ನೊಂದು ಸೋಮಾರಿತನ ಅವನಿಗೆ ವರವಾಗಿ ಒದಗಿತು. ಬಾಗಿಲಿರುವ ಕಡೆ ಗೋಡೆಯನ್ನು ಕತ್ತರಿಸುವ ಅಭ್ಯಾಸವೇ ಆ ಪುಣ್ಯಾತ್ಮನಿಗೆ ಇರಲಿಲ್ಲ; ಅಖಂಡ ಗೋಡೆಯ ಮೇಲೆ ಬಾಗಿಲನ್ನು ತೇಪೆಯಂತೆ ಅಂಟಿಸುತ್ತಿದ್ದ. ತೇಪೆ ಹೋದರೆ ಗೋಡೆ ಉಳಿಯುತ್ತದೆ. ಮುದ್ರಣವಾಗಿ ಬರುವುದು ಯಾರೂ ಒಳಗೆ ಹೋಗಲಾರದ, ಹೋದರೆ ಹೊರಬರಲಾರದ ಶಾಲೆ.

ಅವನು ಹಳೆಯ ಸ್ಕ್ರಿಪ್ಟಿನ ಕೊನೆಗೆ ಹದಿನಾಲ್ಕು ಸಾಲು ಸೇರಿಸಿದ. ಬಾಗಿಲು ಸಾಗಿಸುವುದಕ್ಕೆ ಆರು, ಫೈಲಿನ ಮೇಲೆ ಹಳೆಯ ತಾರೀಖನ್ನೇ ಮತ್ತೆ ಒತ್ತುವುದಕ್ಕೆ ಐದು, ಕೆಲಸ ಮುಗಿದ ಮೇಲೆ ಸ್ಕ್ರಿಪ್ಟು ತನ್ನನ್ನು ತಾನೇ ಅಳಿಸಿಕೊಳ್ಳುವುದಕ್ಕೆ ಮೂರು. ಅದು ಓಡಬೇಕಾದದ್ದು ಅಳಿಯನ ಕಂಪ್ಯೂಟರಿನಿಂದ, ಅಳಿಯನ ಹೆಸರಿನಲ್ಲಿ. ಅದೇನೂ ಕಷ್ಟವಿರಲಿಲ್ಲ, ಪಾಸ್‌ವರ್ಡನ್ನು ಅಳಿಯ ಹಳದಿ ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿಕೊಂಡಿದ್ದ.

ಆ ವಾರವೆಲ್ಲ ಅವನಿಗೆ ಹಸಿವು ಚೆನ್ನಾಗಿತ್ತು.

"ಏನ್ರೀ, ಮೂರು ದಿನದಿಂದ ಎರಡೆರಡು ಸಲ ಬಡಿಸ್ಕೊಳ್ತಿದೀರ. ಮುಖ್ಯಸ್ಥರನ್ನಾಗಿ ಮಾಡಿದ್ರಾ?" ಎಂದು ಕೇಳಿದಳು ಹೆಂಡತಿ.

"ಮಾಡ್ತಾರೆ."

"ಯಾರು ಸತ್ರು?"

"ಯಾರೂ ಸಾಯಲ್ಲ ಕಣೇ. ನೀನು ಬಡಿಸು."

ನಕ್ಷೆಗಳು ಮುದ್ರಣಕ್ಕೆ ಹೋಗಬೇಕಾದ ದಿನ, ಊಟದ ಹೊತ್ತಿಗೆ ಹತ್ತು ನಿಮಿಷ ಮುಂಚೆ, ಅಳಿಯ ಫೋನು ಹಿಡಿದು ಮೆಟ್ಟಿಲ ಬಳಿ ಹೋದಾಗ ಅವನು ಕೆಲಸ ಮುಗಿಸಿದ. ಸ್ಕ್ರಿಪ್ಟು ಒಂದೂ ಇಪ್ಪತ್ತಕ್ಕೆ ತಾನೇ ಎದ್ದು ಓಡುವಂತೆ ಹೊತ್ತು ಕಟ್ಟಿ ಬಂದ. ಒಂದೂ ಇಪ್ಪತ್ತಕ್ಕೆ ಅವನು ಊಟದ ಕೋಣೆಯ ನಟ್ಟನಡುವೆ ಕೂತಿದ್ದ. ಹತ್ತೊಂಬತ್ತು ವರ್ಷ ಗೋಡೆಯ ಕಡೆ ಮುಖ ಮಾಡಿ ಉಂಡವನು, ಅಂದು ತನ್ನ ಸೋದರತ್ತೆ ಕೋತಿಯ ಕೈಯಿಂದ ಕನ್ನಡಕ ಬಿಡಿಸಿಕೊಂಡ ಕತೆಯನ್ನು ಹನ್ನೊಂದು ಮಂದಿಗೆ ಹೇಳಿದ. ಕತೆ ಚೆನ್ನಾಗಿರಲಿಲ್ಲ. ಆದರೆ ಹನ್ನೊಂದು ಸಾಕ್ಷಿಗಳು ಸಿಕ್ಕಿದರು; ಒಬ್ಬಳು ಟೈಪಿಸ್ಟ್ ಸೌಜನ್ಯಕ್ಕೆ ನಕ್ಕಳು ಕೂಡ. ಎರಡು ಗಂಟೆಗೆ ಅಳಿಯ ಪರದೆಯಲ್ಲೇ ನಕ್ಷೆಗಳ ಮೇಲೆ ಕಣ್ಣಾಡಿಸಿ, ಬಾಗಿಲು ಕಿಟಕಿ ಎಲ್ಲ ಇದ್ದಲ್ಲೇ ಇರುವುದನ್ನು ಕಂಡು, ಮುದ್ರಣಕ್ಕೆ ಕಳಿಸಿಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ಶಾಲೆಯ ಮುಖ್ಯಸ್ಥೆ ಬಂದರು. ದೊಡ್ಡ ಮೇಜಿನ ಮೇಲೆ ಹಾಳೆಗಳು ಹರಡಿಕೊಂಡವು. ಯಜಮಾನರು ಒಂದು ಕಡೆ, ಅಳಿಯ ಒಂದು ಕಡೆ. ಹಿರಿಯ ನಕ್ಷೆಗಾರ ಹಿಂದೆ ಗೋಡೆಗೆ ಒರಗಿ, ಮುಖದಲ್ಲಿ ಏನೂ ತೋರದಂತೆ ನಿಂತಿದ್ದ.

"ಇದರಲ್ಲಿ ಮಕ್ಕಳು ಒಳಗೆ ಹೋಗೋದು ಎಲ್ಲಿಂದ?" ಎಂದು ಕೇಳಿದರು ಮುಖ್ಯಸ್ಥೆ.

"ಬಾಗಿಲಿಂದ ಮೇಡಂ."

"ಅದೆಲ್ಲಿದೆ?"

ಅಳಿಯ ಹಾಳೆ ತಿರುಗಿಸಿದ. ಮುಂದಿನ ಹಾಳೆ ನೋಡಿದ, ಅದರ ಮುಂದಿನದನ್ನೂ ನೋಡಿದ. "ಇದು... ತೆರೆದ ಕಲಿಕೆ ಅಂತ ಈಗ ಒಂದು ಹೊಸ ಪದ್ಧತಿ ಬಂದಿದೆ ಮೇಡಂ."

"ತೆರೆದದ್ದು ಎಲ್ಲಪ್ಪಾ? ಎಲ್ಲಾ ಕಡೆ ಮುಚ್ಚಿದ್ಯಲ್ಲ. ಶೌಚಾಲಯಕ್ಕೆ ಹೋದ ಮಗೂನ ಗೋಡೆ ಒಡೆದು ತೆಗೀಬೇಕಾ?"

ಯಜಮಾನರು ಎರಡು ಕೈ ಜೋಡಿಸಿ ಕ್ಷಮೆ ಕೇಳಿದರು. ಮುಖ್ಯಸ್ಥೆ ಹೋದ ಮೇಲೆ ಅಳಿಯನತ್ತ ತಿರುಗಿ, "ಆ ಕುರ್ಚಿಯಿಂದ ಏಳು. ಮಗಳಿಗೆ ನಾನೇ ಹೇಳ್ತೀನಿ" ಎಂದರು. ಹಿರಿಯ ನಕ್ಷೆಗಾರ ನೆಲ ನೋಡಿದ. ಹಾಗೆ ನೋಡದಿದ್ದರೆ ಬಾಯಿ ನಕ್ಕುಬಿಡುತ್ತಿತ್ತು. "ಪಾಪ, ಹುಡುಗ ಇನ್ನೂ ಕಲೀಬೇಕು ಸಾರ್" ಎಂದು ಒಂದು ಮಾತೂ ಸೇರಿಸಿದ. ಯಜಮಾನರು ಅವನ ಭುಜ ತಟ್ಟಿದರು. "ನೀವಿದ್ದೀರಲ್ಲ, ಅಷ್ಟೇ ಧೈರ್ಯ. ಬನ್ನಿ, ಎಲ್ಲಿ ಎಡವಿದಾನೆ ನೋಡೋಣ."

ಫೈಲು ತೆರೆಯಿತು. ಪರದೆಯ ಮೇಲೆ ಬಾಗಿಲುಗಳೆಲ್ಲ ಇದ್ದವು. ಯಜಮಾನರು ಹುಬ್ಬು ಗಂಟಿಕ್ಕಿ ಲೇಯರುಗಳ ಪಟ್ಟಿಯನ್ನು ತೆರೆದು ನೋಡಿದರು. ಹಿರಿಯ ನಕ್ಷೆಗಾರನೂ ಬಗ್ಗಿ ನೋಡಿದ. ಅದರಲ್ಲಿ ವಿಶೇಷವೇನೂ ಅವನಿಗೆ ಕಾಣಲಿಲ್ಲ. ಹದಿನೆಂಟು ಲೇಯರುಗಳು: ಸೊನ್ನೆ ಒಂದು ಗೋಡೆ, ಸೊನ್ನೆ ಎರಡು ಕಂಬ, ಸೊನ್ನೆ ಮೂರು ಮೆಟ್ಟಿಲು, ಹೀಗೆ ಸಾಲಾಗಿ, ಒಂದಕ್ಷರ ಅತ್ತಿತ್ತ ಇಲ್ಲದೆ. ನಕ್ಷೆಯೆಂದ ಮೇಲೆ ಹಾಗೇ ಇರಬೇಕಲ್ಲವೆ? ಚದುರಿಹೋದ ಬಾಗಿಲುಗಳು ಕೈಗೆ ಸಿಗಬೇಕಾದರೆ ಮೊದಲು ಎಲ್ಲವನ್ನೂ ಜೋಡಿಸಲೇಬೇಕಿತ್ತು. ಸ್ಕ್ರಿಪ್ಟು ಎಂಬತ್ತಾರು ನಕ್ಷೆಗಳನ್ನೂ ಓರಣ ಮಾಡಿ ಆಮೇಲೆ ಕದ್ದಿತ್ತು. "ಇದು ನೀನು ಬರೆದದ್ದೇನೋ?" ಎಂದು ಯಜಮಾನರು ಅಳಿಯನನ್ನು ಕೇಳಿದರು. ಅಳಿಯ ಮಾವನ ಭುಜದ ಮೇಲಿಂದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ, ತುಂಬ ಪ್ರಾಮಾಣಿಕವಾಗಿ ತಲೆಯಲ್ಲಾಡಿಸಿದ. "ಇಲ್ಲ ಮಾವ. ಇಷ್ಟು ಚೆನ್ನಾಗಿ ನಂಗೆ ಬರಲ್ಲ."