ಗುಂಡುಸೂಜಿ ಇದೆಯೋ ಇಲ್ಲವೋ

ಹಳದಿ ಫ್ರಾಕಿನ ಒಂದು ತೋಳು ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ!

"ಬಿಡಿ ಮೇಡಂ, ಇಸ್ತ್ರಿ ಕಾದಿದೆ."

"ಇನ್ನೊಂದೇ ಒಂದ್ಸಲ ನೋಡಿ ಕೊಡ್ತೀನಿ..."

ಟೈಲರಮ್ಮ ಎಂದರೆ ಆ ಬೀದಿಗೆಲ್ಲ ಅವಳೇ. ಪಕ್ಕದ ಇಸ್ತ್ರಿ ಅಂಗಡಿಗೆ ಅವನು ಹೊಸಬ. ಅವಳ ಹೊಲಿಗೆಗೆ ಹೆಸರಿತ್ತು, ಆದರೆ ಹೊಲಿದ ಬಟ್ಟೆ ಮಾತ್ರ ಅಂಗಡಿ ಬಿಟ್ಟು ಹೊರಡುತ್ತಿರಲಿಲ್ಲ. ಮಡಿಕೆಯಲ್ಲಿ ಗುಂಡುಸೂಜಿ ಉಳಿದಿದ್ದರೆ? ಯಾವುದೋ ಮಗುವಿಗೆ ಚುಚ್ಚಿದರೆ? ನೋಡಿದ್ದನ್ನೇ ನೋಡಿ, ಹೊಲಿದದ್ದನ್ನು ಬಿಚ್ಚಿ ನೋಡಿ ಬೆರಳು ಸವೆಯುತ್ತಿತ್ತು. ಭಯ ಸವೆಯುತ್ತಿರಲಿಲ್ಲ.

ಬೀದಿಯವರೆಲ್ಲ ನಗುತ್ತಿದ್ದರು. ಅವನು ನಗಲಿಲ್ಲ. ತೋಳು ಬಿಟ್ಟು, "ನಿಧಾನ ನೋಡಿ, ಕಾಯ್ತೀನಿ" ಎಂದು ಬಾಗಿಲಲ್ಲೇ ನಿಂತ.

ಅವಳ ಮನಸ್ಸು ಸೋತದ್ದು ಅಲ್ಲೇ.

ಅತ್ತಿಗೆ ಅವಳನ್ನು ಥೆರಪಿಸ್ಟ್ ಬಳಿ ಕರೆದೊಯ್ದಳು. ಇದು ಹುಚ್ಚಲ್ಲ, ಒಸಿಡಿ ಎಂಬ ಕಾಯಿಲೆ, ಅಭ್ಯಾಸ ಮಾಡಿದರೆ ಹಿಡಿತಕ್ಕೆ ಬರುತ್ತದೆ ಎಂದರು ಥೆರಪಿಸ್ಟ್. ಬಟ್ಟೆಯನ್ನು ಒಂದೇ ಸಲ ನೋಡಬೇಕು, ಕೊಟ್ಟುಬಿಡಬೇಕು. 'ಸೂಜಿ ಇದ್ದರೆ?' ಎಂದು ಮನಸ್ಸು ಪೀಡಿಸಿದರೆ 'ಗೊತ್ತಿಲ್ಲ' ಎಂದು ಸುಮ್ಮನಿರಬೇಕು.

ಅಲ್ಲಿ ಕಾಯುವ ಕೋಣೆಯಲ್ಲಿ ಒಬ್ಬಳು ಪುಟ್ಟಿ ಸಿಕ್ಕಳು. "ಆಂಟಿ, ನಾನಿವತ್ತು ಬಾಗಿಲ ಹಿಡಿ ಮುಟ್ಟಿದೆ. ಕೈ ತೊಳೀಲೇ ಇಲ್ಲ, ಗೊತ್ತಾ?" ಎಂದು ಪದಕ ತೋರಿಸುವಂತೆ ಅಂಗೈ ತೋರಿಸಿದಳು. ಆ ಪುಟ್ಟಿಯ ಹುಟ್ಟುಹಬ್ಬದ ಫ್ರಾಕ್ ಹೊಲಿಯಲು ಟೈಲರಮ್ಮ ಒಪ್ಪಿಕೊಂಡಳು.

ಹೊಲಿದಳು. ಒಂದೇ ಸಲ ನೋಡಿದಳು. ಇಸ್ತ್ರಿಗೆ ಕೊಟ್ಟು ಬಂದು ಕೈಕಟ್ಟಿ ಕುಳಿತಳು. ಎದೆ ಡವಗುಟ್ಟಿತು, ಅಂಗೈ ಬೆವರಿತು... ಸಂಜೆ ಹೊತ್ತಿಗೆ ಭಯ ತಾನಾಗಿಯೇ ಇಳಿಯಿತು. ನಾನು ಗೆದ್ದೆ! ಮೊದಲು ಅವನಿಗೆ ಹೇಳಬೇಕೆಂದು ಓಡಿದಳು.

ಅವನು ಆ ಫ್ರಾಕಿನ ಮಡಿಕೆ ಮಡಿಕೆಗೂ ಅಯಸ್ಕಾಂತ ಹಿಡಿದು ನೋಡುತ್ತಿದ್ದ.

ನಿಮಗೆ ಕೆಟ್ಟ ಹೆಸರು ಬರಬಾರದು ಅಂತ... ನೀವು ಕೊಟ್ಟದ್ದನ್ನೆಲ್ಲ ಹೀಗೇ ನೋಡಿ ಕಳಿಸುತ್ತಿದ್ದೆ ಎಂದು ತಡವರಿಸಿದ.

"ಅಂದ್ರೆ ನಾನು ಗೆದ್ದಿದ್ದೆಲ್ಲ ಸುಳ್ಳಾ?"

ಏನಾದರೂ ಸಿಕ್ಕಿತಾ? ಆ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಕೇಳಿದ್ದರೆ ಅವನು 'ಇಲ್ಲ' ಎನ್ನುತ್ತಿದ್ದನೇನೋ, ಜೀವಕ್ಕೆ ಹಾಯೆನಿಸುತ್ತಿತ್ತೇನೋ. ಅವಳು ಕೇಳಲಿಲ್ಲ. ನುಂಗಿಕೊಂಡು ತಿರುಗಿ ನಡೆದಳು. ಅಂದಿನಿಂದ ಮಾತು ಬಂದ್.

ನಡೆದದ್ದನ್ನು ಕೇಳಿ ಥೆರಪಿಸ್ಟ್ ಮುಗುಳ್ನಕ್ಕರು. "ಅವರು ನೋಡಿದ್ದು ಬಟ್ಟೆನ. ಭಯ ತಡ್ಕೊಂಡಿದ್ದು ನೀವೇ ತಾನೇ? ಆ ಪ್ರಶ್ನೆ ಕೇಳ್ದೇ ಬಂದ್ರಲ್ಲ, ಅದನ್ನ ಯಾರು ಮಾಡಿದ್ದು?"

ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಮರುದಿನ ಅವನೇ ಬಂದು ಅಯಸ್ಕಾಂತವನ್ನು ಮೇಜಿನ ಮೇಲಿಟ್ಟ. ಮುಖ ಬಾಡಿತ್ತು.

"ನಿಮ್ಮ ಭಾರ ಇಳಿಸ್ತೀನಿ ಅಂದ್ಕೊಂಡೆ. ನಿಮ್ಮ ಭಯದ ಹಾವಿಗೆ ಹಾಲೆರೆದ ಹಾಗಾಯ್ತು. ತಪ್ಪಾಯ್ತು."

ಅವಳು ಒಂದು ಬಿಳಿ ಅಂಗಿ ಮುಂದಿಟ್ಟಳು. ಕೋಪವಿದ್ದರೂ ಅವನಿಗೆಂದೇ ಹೊಲಿದಿದ್ದಳು. ಅವನು ಕೊಡವಲಿಲ್ಲ, ತಡಕಲಿಲ್ಲ. ಬನಿಯನ್ ಮೇಲೆ ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡ.

"ನೋಡ್ಕೊಳ್ಳಲ್ವಾ?"

"ನೀವು ಒಂದ್ಸಲ ನೋಡಿರ್ತೀರಲ್ಲ, ಸಾಕು." ಆಮೇಲೆ ಮೆಲ್ಲಗೆ ಹೇಳಿದ, "ನನ್ನ ಮದುವೆ ಆಗ್ತೀರಾ? ಎಲ್ಲ ಸರಿ ಹೋಗುತ್ತೆ ಅಂತ ಭರವಸೆ ಮಾತ್ರ ಕೊಡಲ್ಲ."

ಸರಿ ಹೋಗದಿದ್ದರೆ? ಮನಸ್ಸು ತನ್ನ ಹಳೇ ರಾಗ ತೆಗೆಯಿತು. ತೆಗೆಯಲಿ ಬಿಡಿ! ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಸರಿ ಹೋಗುತ್ತೋ ಇಲ್ವೋ, ಗೊತ್ತಿಲ್ಲ. ಆದ್ರೂ ಹೂಂ."

ಅವನ ಕಣ್ಣು ತುಂಬಿತು. "ಇನ್ನೊಂದ್ಸಲ ಹೇಳಿ..."

"ಆಗಲ್ಲ," ಎಂದು ನಕ್ಕಳು ಟೈಲರಮ್ಮ. "ಈ ಅಂಗಡೀಲಿ ಏನಿದ್ರೂ ಈಗ ಒಂದೇ ಸಲ."