ಎರವಲು ದನಿಯ ಗವಿ

"ಭಾವ, ಗವಿಯೊಳಗೆ ನಿಮ್ಮ ದನೀಲಿ ಹಾಡಿ, ಅಳಿ, ಬೈಯಿರಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ. ಇನ್ನೊಬ್ರ ದನಿ ಮಾತ್ರ ತೆಗೀಬೇಡಿ."

ದೋಣಿಯವನು ಹಗ್ಗ ಬಿಚ್ಚುತ್ತಾ ಇಷ್ಟು ಹೇಳಿದ್ದೇ ತಡ, ಗಿಳಿ ಎದ್ದು ನಿಂತ. ಅದೇ ಗೊಗ್ಗರು, ಅದೇ ಮೂಗೆಳೆತ, ಕೊನೆಯ ಅಕ್ಷರವನ್ನು ಅರ್ಧ ನುಂಗುವ ಅದೇ ಅಭ್ಯಾಸ. "ಇನ್ನೊಬ್ರ ದನಿ ಮಾತ್ರ ತೆಗೀಬೇಡಿ!" ಎಂದು ಪ್ರವಾಸಿಗರಿಗೆ ಒಪ್ಪಿಸಿದ. ದೋಣಿ ಅಲುಗಾಡುವಷ್ಟು ನಗು.

"ತಮಾಷೆ ಅಲ್ಲ ಭಾವ."

"ಭಾವ, ನಿಮಗೆ ಭಾವಕ್ಕಿಂತ ಭಯಾನೇ ಜಾಸ್ತಿ," ಎಂದು ಗಿಳಿ ಕಣ್ಣು ಮಿಟುಕಿಸಿದ.

ಗಿಳಿ ಎಂಬುದು ಕಾಲೇಜಿನಲ್ಲಿ ಅಂಟಿಕೊಂಡ ಅಡ್ಡಹೆಸರು. ಕೇಳಿದ ದನಿಯನ್ನು ಕೇಳಿದ ಹಾಗೆ ಉಗುಳುತ್ತಿದ್ದ. ಹೆಂಡತಿಗೆ ತನ್ನ ತವರಾದ ಈ ಕಡಲೂರಿನ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸ ಸಿಕ್ಕಿತು. ಇವನೂ ಹಿಂದೆಯೇ ಬಂದ. ರೆಸಾರ್ಟಿನ ಮ್ಯಾನೇಜರು ಇವನ ಮಿಮಿಕ್ರಿಗೆ ಮರುಳಾಗಿ ಗವಿ ತೋರಿಸುವ ಗೈಡ್ ಮಾಡಿಕೊಂಡ. ದೋಣಿ ನಡೆಸುವವನು ಹೆಂಡತಿಯ ಸ್ವಂತ ಅಣ್ಣ.

ಗುಡ್ಡದ ಮೇಲಿನ ಗವಿಗಳು ಸಾಧು ಜಾತಿಯವು. ಮೆಟ್ಟಿಲು, ಕೈಕಂಬಿ, ಬಣ್ಣದ ಬಲ್ಬು. ಅಲ್ಲಿ ಗಿಳಿ ಯಾರ ದನಿ ತೆಗೆದರೂ ಬಾವಲಿಗಳಿಗಷ್ಟೇ ಬೇಸರ. ಕಡಲಗವಿಯ ಮಾತು ಬೇರೆ. ಅದು ನೀರಿಳಿದಾಗ ಮಾತ್ರ ಬಾಯಿ ತೆರೆಯುತ್ತಿತ್ತು. ಗಿಳಿ ಅಲ್ಲಿಗೆ ಹೊರಟದ್ದು ಇದೇ ಮೊದಲು.

ದೋಣಿ ಒಳಗೆ ನುಗ್ಗಿದ್ದೇ ಬಿಸಿಲು ಕತ್ತರಿಸಿಕೊಂಡು ಹಿಂದೆ ಬಿತ್ತು. ಕೊಳೆತ ಪಾಚಿ, ತುಕ್ಕು, ಆರಿದ ದೀಪದ ಬತ್ತಿ, ಎಲ್ಲ ಕಲಸಿದಂಥ ವಾಸನೆ. ಗೋಡೆಯಿಂದ ತಣ್ಣನೆಯ ನೀರು ತೊಟ್ಟಿಕ್ಕುತ್ತಿತ್ತು. ಪ್ರವಾಸಿಗರ ಕೂಗು ಹೋಗಿ ಮೂರಾಗಿ ಮರಳುತ್ತಿತ್ತು. ಗಿಳಿಯ ಟಾರ್ಚು ಬಂಡೆಯ ಗೂಡೊಂದರ ಮೇಲೆ ಬಿತ್ತು. ಅಲ್ಲೊಂದು ಮೇಣದ ಗೊಂಬೆ, ಬಾಯಿ ತುಂಬ ಕಪ್ಪು ದಾರದ ಹೊಲಿಗೆ.

"ಪಾಪ, ಮದುವೆಯಾದ ಗಂಡಸಿರಬೇಕು," ಎಂದು ಪಿಸುಗುಟ್ಟಿದ ಗಿಳಿ. ಮತ್ತೆ ನಗು. ನಗುವಿನ ನಶೆಯಲ್ಲಿ ಅವನಿಗೆ ತನ್ನ ಹೆಸರಾಂತ ಐಟಂ ನೆನಪಾಯಿತು. "ನನ್ನ ದನಿ ಒಂದು ಬಿಟ್ಟು ಬೇರೆ ಯಾರದ್ದಾದ್ರೂ ಮಾಡು, ಸಂತೆಯಲ್ಲೆಲ್ಲ ನನ್ನ ಗಂಟಲು ಹರಾಜು ಹಾಕ್ಬೇಡ," ಎಂದು ಹೆಂಡತಿ ಎಷ್ಟೋ ಸಲ ಬೇಡಿಕೊಂಡಿದ್ದಳು. ಇವನು ಆ ಬೇಡಿಕೆಯನ್ನೂ ಅವಳದೇ ದನಿಯಲ್ಲಿ ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದ.

"ಪ್ರಯಾಣಿಕರ ಗಮನಕ್ಕೆ," ಎಂದು ಶುರು ಮಾಡಿದ. ಜೇನಿನಂಥ ದನಿ, ತುದಿಯಲ್ಲಿ ಚೂರು ಖಾರ. "ಅಡುಗೆಮನೆಯಿಂದ ಹೊರಡಬೇಕಿದ್ದ ಕಾಫಿ, ಗಂಡನ ಸೋಮಾರಿತನದ ನಿಮಿತ್ತ ರದ್ದಾಗಿದೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮಾರ್ದನಿಸಿತು. ಅವಳ ದನಿ ಮಾತ್ರ ಹೋಗಿದ್ದು ಮರಳಲಿಲ್ಲ. ಅದರ ಬದಲು ಗೂಡಿನ ಕಡೆಯಿಂದ ಸಣ್ಣ ಸದ್ದು. ಸರ್‍ರ್. ಮೇಣದೊಳಗೆ ಯಾರೋ ದಾರ ಎಳೆದ ಹಾಗೆ.

ದೋಣಿಯವನ ಹುಟ್ಟು ಕೈಯಿಂದ ಜಾರಿತು. "ಯಾರ ದನಿ ತೆಗ್ದುಬಿಟ್ರಿ ಭಾವ," ಎಂದ. ಅದು ಪ್ರಶ್ನೆಯಾಗಿರಲಿಲ್ಲ.

ಸಂಜೆ ನಿಲ್ದಾಣದಲ್ಲಿ ಬಸ್ಸುಗಳು ಮೂಕವಾಗಿ ಬಂದು ಹೋಗುತ್ತಿದ್ದವು. ಜನ ಬ್ಯಾಗು ಹೊತ್ತು ದಿಕ್ಕಾಪಾಲಾಗಿ ಓಡುತ್ತಿದ್ದರು. ಗಾಜಿನ ಕೋಣೆಯಲ್ಲಿ ಹೆಂಡತಿ ಮೈಕಿಗೆ ತುಟಿ ತಾಗಿಸಿ ಕೂತಿದ್ದಳು. ತುಟಿ ಆಡುತ್ತಿತ್ತು. ದನಿ ಮಾತ್ರ ಹೊರಡುತ್ತಿರಲಿಲ್ಲ.

ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು, ಎಲ್ಲ ಸರಿಯಾಗಿದೆಯಲ್ಲ ಎಂದು ತಲೆ ಕೆರೆದುಕೊಂಡ. ನಿಲ್ದಾಣದ ಮೇಲ್ವಿಚಾರಕ, ಸೋಮವಾರದಿಂದ ಬೇರೆ ಹುಡುಗಿಯನ್ನು ಕೂರಿಸುತ್ತೇನೆ ಎಂದ. ಆ ಮೈಕು ಅವಳ ಅನ್ನವಾಗಿತ್ತು. ಅನ್ನಕ್ಕಿಂತ ಹೆಚ್ಚಾಗಿ, ಈ ಊರಿನಲ್ಲಿ ಅವಳನ್ನು ಯಾರೂ ಅಣಕಿಸದೆ ಕೇಳುತ್ತಿದ್ದ ಒಂದೇ ಜಾಗವಾಗಿತ್ತು.

ದೋಣಿಯವನು ಹಿತ್ತಲ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಾ ಹೇಳಿದ: "ಹಿಂದೆ ಕಳ್ಳರು ಒಬ್ಬಳ ದನಿ ಅಣಕಿಸಿ, ಅವಳ ಗಂಡನ ದೋಣೀನ ಕತ್ತಲಲ್ಲಿ ಬಂಡೆಗೆ ಕರೆದ್ರಂತೆ. ದೋಣಿ ಚೂರಾಯ್ತು, ದೋಚಿದ್ರು. ಅವಳೇ ಆ ಗೊಂಬೆ ಇಡಿಸಿದ್ದು. ಅಲ್ಲಿ ಯಾರ ದನಿ ಕದ್ದರೂ ಅವರ ಬಾಯಿಗೆ ಒಂದು ಹೊಲಿಗೆ."

"ನಿಮ್ಮ ಅಜ್ಜಿಕತೆ…"

"ನಮ್ಮಪ್ಪ ಹುಟ್ಟಾ ಮೂಗ ಅಂದ್ಕೊಂಡಿದ್ರಾ? ಆ ಗವೀಲಿ ಅಮ್ಮನ್ನ ಅಣಕಿಸಿದ್ದಕ್ಕೆ ಅವಳ ದನಿ ಹೋಯ್ತು. ಆಮೇಲೆ ಅಲ್ಲಿಗೇ ಹೋಗಿ, ಸ್ವಂತ ದನೀಲಿ ಅವಳ ಹೆಸರು ಕರೆದು, ಆ ದನೀನ ಅಲ್ಲೇ ಬಿಟ್ಟುಬಂದ. ಅಮ್ಮ ಮಾತಾಡಿದ್ಲು. ಅಪ್ಪ ಸಾಯೋ ತನಕ ಆಡ್ಲಿಲ್ಲ."

ದನಿ ಕೊಟ್ಟರೆ ತನ್ನ ಕೆಲಸ? ತನ್ನ ಚಪ್ಪಾಳೆ? ಆ ಲೆಕ್ಕಾಚಾರ ಗಿಳಿಯ ಮುಖದ ಮೇಲೆ ಹಾದುಹೋದದ್ದನ್ನು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪೂರ್ತಿ ಓದಿಕೊಂಡಳು.

"ಬರ್ತೀನಿ," ಎಂದ ಕೊನೆಗೆ.

ಮರುದಿನ ನೀರಿಳಿದಾಗ ಮೂವರೇ ಹೋದರು. ಹುಟ್ಟಿನ ಸದ್ದು ಬಿಟ್ಟರೆ ಬೇರೇನಿಲ್ಲ. ಗವಿಯ ಆಳದಿಂದ ಮೊದಲು ಬಂದದ್ದು ಅವಳದೇ ದನಿ. "ಪ್ರಯಾಣಿಕರ ಗಮನಕ್ಕೆ… ಪ್ರಯಾಣಿಕರ ಗಮನಕ್ಕೆ…" ನೀರಿನಡಿಯಿಂದ ಕರೆದಂತೆ. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು.

ಗಿಳಿ ಗೂಡಿನೆದುರು ಎದ್ದು ನಿಂತು, ಅವಳ ಹೆಸರು ಕರೆದ.

ಸರ್‍ರ್.

ಅವಳ ತುಟಿ ಆಡಿತು. ಸದ್ದಿಲ್ಲ. ಗವಿಯೊಳಗೆ ಈಗ ಎರಡು ದನಿ. ಎರಡನೆಯದು ಅವನದಲ್ಲ. ಹುಟ್ಟೂರಲ್ಲಿರುವ ಅವನ ಅಣ್ಣನದು. ಚಿಕ್ಕಂದಿನಲ್ಲಿ ಅಣ್ಣನ ಹಾಗೆ ಮಾತಾಡಿದರೆ ಅಪ್ಪ ಹೊಡೆಯುವುದಿಲ್ಲ ಎಂದು ಕಲಿತದ್ದು. ಆಮೇಲೆ ಬಿಟ್ಟದ್ದೇ ಇಲ್ಲ.

"ಸ್ವಂತ ದನಿ ಭಾವ! ಸ್ವಂತದ್ದು!"

ಗಿಳಿ ಗಂಟಲು ಸರಿಮಾಡಿಕೊಂಡ. ಮತ್ತೆ ಕರೆದ. ಬಂದದ್ದು ಮ್ಯಾನೇಜರನ ರಾಗವೆಳೆಯುವ ದನಿ. ಸರ್‍ರ್. ಅಲ್ಲ, ಇದಲ್ಲ. ಇನ್ನೊಂದು. ಕಾಲೇಜಿನ ಮೇಷ್ಟ್ರು. ಸರ್‍ರ್. ಪಕ್ಕದ ಮನೆಯಾಕೆ. ಸರ್‍ರ್. ಗಂಟಲಿನೊಳಗೆ ಕೈಹಾಕಿ ತಡಕಿದ ಹಾಗೆ ತಡಕಿದ. ಒಂದರ ಕೆಳಗೆ ಒಂದು. ಎಲ್ಲ ಎರವಲು. ತಳದಲ್ಲಿ ಏನೂ ಇಲ್ಲ. ಬೆವರು. ಕತ್ತಲು. ನೀರು ಏರುತ್ತಿದೆ. ದೋಣಿ ಬಂಡೆಗೆ ಕುಟ್ಟುತ್ತಿದೆ. ಬೇಗ. ಬೇಗ. ಹೆದರಿಕೆಯಲ್ಲಿ ನಾಲಿಗೆಗೆ ಸಿಕ್ಕಿದ್ದು ಗೊಗ್ಗರು, ಮೂಗೆಳೆತ.

"ಸಾಕು ಮಾಡಿ ಭಾ—"

ಸರ್‍ರ್.

ದೋಣಿಯವನ ಮಾತು ಅಲ್ಲಿಗೇ ತುಂಡಾಯಿತು. ಅವನು ಬಾಯಿ ತೆರೆದುಕೊಂಡೇ ಇದ್ದ. ಹೆಂಡತಿ ಹಾರಿ ಬಂದು ಗಂಡನ ಬಾಯಿಗೆ ಅಂಗೈ ಒತ್ತಿದಳು, ಹಲ್ಲು ತುಟಿಗೆ ನಾಟಿ ರಕ್ತ ಬರುವ ಹಾಗೆ. ಅಣ್ಣ ತಂಗಿ ಸೇರಿ ಹುಟ್ಟು ಹಾಕಿದರು. ಹಿಂದಿನಿಂದ ಅಷ್ಟೂ ದನಿಗಳು ಒಟ್ಟಿಗೆ ಅವಳ ಹೆಸರು ಕರೆಯುತ್ತಿದ್ದವು.

ದಡದಲ್ಲಿ ಮ್ಯಾನೇಜರು ನಿಂತಿದ್ದ, ಕೈ ಬೀಸುತ್ತಾ, ಕತ್ತು ಹಿಡಿದುಕೊಂಡು, ನೀರಿನಿಂದ ಹೊರಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾ. ಗಿಳಿಯ ಫೋನು ಗುನುಗಿತು. ಊರಿನಿಂದ ಅಣ್ಣ. ಎತ್ತಿದರೆ ಆಚೆ ಬರೀ ಉಸಿರು, ಆಮೇಲೆ ಮೇಜನ್ನು ಗುದ್ದುವ ಸದ್ದು.

"ಕ್ಷಮಿಸು," ಎಂದ ಗಿಳಿ ಹೆಂಡತಿಗೆ. ಹೊರಬಂದದ್ದು ಅವಳ ದನಿ. ಜೇನು, ತುದಿಯಲ್ಲಿ ಚೂರು ಖಾರ. ಗವಿ ಅವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ.

ಅವಳು ತಿರುಗಿ ಬಹಳ ಹೊತ್ತು ಅವನ ಬಾಯಿಯನ್ನೇ ನೋಡಿದಳು. ಆಮೇಲೆ ಅಂಗಿಯ ತೋಳು ಹಿಡಿದು ಬಸ್ ನಿಲ್ದಾಣಕ್ಕೆ ಎಳೆದೊಯ್ದಳು.

ಸೋಮವಾರ ಬೇರೆ ಹುಡುಗಿ ಬರಲಿಲ್ಲ. ಗಾಜಿನ ಕೋಣೆಯಲ್ಲಿ ಅವಳು ಮೈಕಿನೆದುರು ಕೂತು ತುಟಿ ಆಡಿಸುತ್ತಿದ್ದಳು. ಮೇಜಿನ ಕೆಳಗೆ, ಜನರಿಗೆ ಕಾಣದ ಹಾಗೆ ಮೊಣಕಾಲೂರಿ ಕೂತ ಗಿಳಿ ಆ ತುಟಿ ನೋಡಿ ನುಡಿಯುತ್ತಿದ್ದ. "ಮೇಡಂ ಗಂಟಲು ಸರಿಹೋಯ್ತಪ್ಪ, ಮೊದಲಿಗಿಂತ ಚೆನ್ನಾಗಿದೆ," ಎಂದು ಹೊರಗೆ ಜನ ಆಡಿಕೊಂಡರು. ಚಪ್ಪಾಳೆ ಯಾರೂ ತಟ್ಟಲಿಲ್ಲ. ಮನೆಗೆ ಬಂದರೆ ಅವನ ಬಾಯಿಯಿಂದ ತನ್ನ ದನಿ ಕೇಳುವ ಪ್ರತಿ ಸಲವೂ ಅವಳು ಕೋಣೆ ಬಿಟ್ಟು ಎದ್ದು ಹೋಗುತ್ತಿದ್ದಳು. ಬೇರೆ ದನಿಗಳು ಅವನಲ್ಲಿ ಬೇಕಾದಷ್ಟಿದ್ದವು. ಒಂದನ್ನೂ ಅವಳ ಎದುರು ತೆಗೆಯುವ ಧೈರ್ಯವಿರಲಿಲ್ಲ.

ಮಳೆಗಾಲ ಮುಗಿದು ಬಿಸಿಲು ಬಿದ್ದ ಒಂದು ಮಧ್ಯಾಹ್ನ ಅವಳು ಮೈಕು ಹಾಕಿ, ಎಂದಿಗಿಂತ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ತುಟಿ ಆಡಿಸಿದಳು. ರೂಢಿ ಬಿದ್ದ ನಾಲಿಗೆ ಅರ್ಥಕ್ಕೆ ಕಾಯಲಿಲ್ಲ.

"ನಾನಿನ್ನು ನಿನ್ನ ಜೊತೆ ಇರೋದಿಲ್ಲ," ಎಂದಿತು ಅವಳ ದನಿ, ನಿಲ್ದಾಣದ ಅಷ್ಟೂ ಲೌಡ್‌ಸ್ಪೀಕರುಗಳಲ್ಲಿ. "ನನ್ನ ದನಿ ನೀನೇ ಇಟ್ಕೊ."

ಜನ ತಲೆಯೆತ್ತಿ ನೋಡಿದರು. ಅವಳು ಚೀಲ ಹೆಗಲಿಗೇರಿಸಿ ಕೋಣೆಯಿಂದ ಇಳಿದು, ದೂರದ ಊರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಇತ್ತ ನೋಡಲಿಲ್ಲ. ಪ್ರಕಟಣೆಯಾಗದೆ ಬಸ್ಸು ಬಿಡುವ ಹಾಗಿರಲಿಲ್ಲ. ಡ್ರೈವರು ಕೋಣೆಯ ಕಡೆ ಕತ್ತು ಹೊರಳಿಸಿ ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ.

ಗಿಳಿ ಖಾಲಿ ಕುರ್ಚಿಗೆ ಏರಿ, ಮೈಕಿನ ಹತ್ತಿರ ಬಾಗಿ, ಹೆಂಡತಿಯ ದನಿಯಲ್ಲೇ ಅವಳ ಬಸ್ಸನ್ನು ಹೊರಡಿಸಿದ.