ಸಾಯಲೊಲ್ಲದ ರಾಣಿ

ಅಂಬಾಬಾಯಿ ರೋಣದ ಅವರ ಕೊರಳಿಗೆ ಕಟ್ಟಿದ್ದ ರೇಷ್ಮೆಪಟ್ಟಿ ಸಣ್ಣಗೆ ಬೆಚ್ಚಗಾಯಿತು. ತಾರಸ್ಥಾಯಿಯ ಪಂಚಮಕ್ಕೆ ಏರಹೋದ ಅವರ ದನಿ ಅರ್ಧದಲ್ಲೇ ಒಡೆಯಿತು. ಆದರೆ ತಾಲೀಮಿನ ಕೋಣೆಯಲ್ಲಿ ಕೇಳಿಸಿದ್ದು ಇಪ್ಪತ್ತರ ಹರೆಯದ, ಒಡಕಿಲ್ಲದ ಪಂಚಮ.

"ಇದು ನಾ ಹಾಡಿದ್ದಲ್ಲ," ಎಂದರು ಅಂಬಾಬಾಯಿ.

"ನೀವೇ ಹಾಡಿದ್ದು, ಅಮ್ಮ. ಯಂತ್ರ ತಿದ್ದಿತು, ಅಷ್ಟೇ," ಎಂದರು ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ಪ್ರಮದಾ ಐತಾಳ.

ಪಟ್ಟಿಯ ಹೆಸರು ಕಂಠಪಾಲ. ಗಂಟಲ ತಂತುಗಳ ಕಂಪನವನ್ನು ಚರ್ಮದ ಮೇಲಿಂದಲೇ ಓದಿ, ಜಾರುವ ಸ್ವರವನ್ನು ಎತ್ತಿ ನಿಲ್ಲಿಸಿ, ಧ್ವನಿವರ್ಧಕಕ್ಕೆ ಕಳಿಸುತ್ತಿತ್ತು. ಒಡಕು ದನಿಯನ್ನು ಪ್ರತಿತರಂಗದಿಂದ ಅಳಿಸುತ್ತಿತ್ತು. ಇಡೀ ನಾಟಕ ಅದಕ್ಕೆ ಬಾಯಿಪಾಠ. ಪಾತ್ರಕ್ಕೆ ಮಾತಿಲ್ಲದ ಕಡೆ ತಾನಾಗಿ ಮಲಗಿಬಿಡುತ್ತಿತ್ತು. ಇಲ್ಲದಿದ್ದರೆ ಪರದೆಯ ಹಿಂದಿನ ಬೈಗುಳವೂ ಇಪ್ಪತ್ತರ ಹರೆಯದ ದನಿಯಲ್ಲಿ ಹೊರಬಿದ್ದೀತಲ್ಲ!

ಅಂಬಾಬಾಯಿಗೆ ಅರವತ್ತೊಂಬತ್ತು. ಗದಗ ಸೀಮೆಯ ಕಂಪನಿ ನಾಟಕಗಳಲ್ಲಿ ಐವತ್ತು ವರ್ಷ ರಾಣಿಯಾಗಿ ವಿಷ ಕುಡಿದು, ಹಾಡಿ, ಸತ್ತವರು. ಹಾಡು ಮನೆಯಲ್ಲೇ ಸಿಕ್ಕರೆ ಡೇರೆಗೆ ಯಾರು ಬರುತ್ತಾರೆಂದು ಮಾಲೀಕರು ಧ್ವನಿಮುದ್ರಣ ಯಂತ್ರವನ್ನು ಒಳಗೇ ಬಿಟ್ಟಿರಲಿಲ್ಲ. ಹಾಗಾಗಿ ಅವರ ಒಳ್ಳೆಯ ಕಾಲದ ಒಂದು ಸಾಲೂ ಉಳಿದಿಲ್ಲ. ಈಗ ಭೂಮಿಯ ಗಾಯಕರ ಒಂದೊಂದು ಹಾಡನ್ನು ಕಾಪಿಡುವ ಚಂದ್ರನ ಮೇಲಿನ ಶ್ರವಣಾಗಾರ ಇವರದನ್ನೂ ಕಳಿಸಲು ಕೇಳಿತ್ತು. ಒಂದೇ ಹಾಡು, ಅದೂ ಜನರೆದುರು ಹಾಡಿದ್ದು. ಅದು ಕೆಟ್ಟರೆ ಅಂಬಾಬಾಯಿ ಎಂಬಾಕೆ ಕೆಟ್ಟ ಹಾಡುಗಾರ್ತಿಯಾಗಿಯೇ ಶಾಶ್ವತ. ಆ ಭಯಕ್ಕೇ ಅವರು ಪಟ್ಟಿಗೆ ಕೊರಳೊಡ್ಡಿದ್ದು.

ಧ್ವನಿಮುದ್ರಣಕ್ಕೆ ಗೊತ್ತಾಗಿದ್ದ ಭಾನುವಾರ ಸಂಜೆ ಡೇರೆ ತುಂಬಿತ್ತು. ರಾಣಿ ವಿಷ ಕುಡಿದಳು, ಪಂಚಮವನ್ನು ಮುಟ್ಟಿದಳು, ಸತ್ತಳು. ಚಪ್ಪಾಳೆಯೇನೋ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, ಪದ್ಧತಿ ಬಿಡಬಾರದೆಂಬಂತೆ, ಕೂಗಿದ: "ವನ್ಸ್ ಮೋರ್!"

ಕಂಪನಿ ನಾಟಕದ ಧರ್ಮವೇ ಹಾಗೆ. ಜನ ಕೇಳಿದರೆ ಸತ್ತವರೂ ಎದ್ದು ಹಾಡಬೇಕು, ಹಾಡಿ ಮತ್ತೆ ಸಾಯಬೇಕು. ಇದನ್ನು ಪ್ರಮದಾಗೆ ಯಾರೂ ಹೇಳಿರಲಿಲ್ಲ. ನೀರು ಒದ್ದೆ ಎಂದು ಯಾರಾದರೂ ಹೇಳುತ್ತಾರೆಯೇ?

ಅಂಬಾಬಾಯಿ ಎದ್ದು ಕೈಮುಗಿದು ಮೊದಲ ಸಾಲೆತ್ತಿದರು. ಪಟ್ಟಿ ತಣ್ಣಗಿತ್ತು. ಅದರ ಲೆಕ್ಕದಲ್ಲಿ ರಾಣಿ ಸತ್ತಾಗಿತ್ತು! ಕೇಳಿಸಿದ್ದು ತಮ್ಮದೇ ಒಡಕು ದನಿ. ಮತ್ತೆ ಮಲಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಹಾರ್ಮೋನಿಯಂ ಮಾಸ್ತರ ಮರಿಬಸಪ್ಪ, ನಲವತ್ತು ವರ್ಷಗಳಿಂದ ಮಾಡುತ್ತ ಬಂದಂತೆ ಅಂದೂ, ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದ. ಹಿಂಬಾಲಿಸದೆ ಗತಿಯಿರಲಿಲ್ಲ. ಪಂಚಮದ ಹತ್ತಿರ ದನಿ ಒಡೆಯಿತು. ಅವರು ನಿಂತರು, ಉಸಿರೆಳೆದುಕೊಂಡರು. ಡೇರೆಯೂ ಜೊತೆಗೆ ಎಳೆದುಕೊಂಡಿತು. ಆಮೇಲೆ ಅವರು ಮೇಲೇರಲಿಲ್ಲ. ಕೆಳಗಿಳಿದು, ಮಗುವನ್ನು ಮಲಗಿಸುವಷ್ಟೇ ದನಿಯಲ್ಲಿ ಸಾಲು ಮುಗಿಸಿ, ಒರಗಿದರು.

ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡು ಹೇಳಿದ: "ಯವ್ವಾ, ಮೊದಲನೇ ಸಲ ಬರೇ ಹಾಡಿದ್ದಿ. ಈಗ ನೋಡು, ಖರೇನ ಸತ್ತಿ!" ಮರುಕ್ಷಣ ಎಂಟುನೂರು ಕಂಠಗಳು ಡೇರೆ ಹರಿಯುವಂತೆ ಕೂಗಿದವು: "ವನ್ಸ್ ಮೋರ್!"

ಮರುದಿನ ಪ್ರಮದಾ ಸಣ್ಣ ಮುಖ ಮಾಡಿಕೊಂಡು ಎರಡೂ ಧ್ವನಿಮುದ್ರಣಗಳನ್ನು ಕೇಳಿಸಿದರು. ಮೊದಲನೆಯದು ಮುಗಿದಾಗ ಅಂಬಾಬಾಯಿ, "ಛಲೋ ಹಾಡ್ತಾಳ ಹುಡುಗಿ. ಯಾರಕಿ?" ಎಂದರು. ಎರಡನೆಯದಕ್ಕೆ ತೊಡೆಯ ಮೇಲೆ ತಾಳ ಹಾಕಿದರು.

"ಇದು ನಾನು. ಇದನ್ನ ಕಳಸ್ರಿ."

"ಹದಿನೇಳು ತಪ್ಪುಗಳಿವೆ, ಅಮ್ಮ."

"ಎಣಿಸ್ಕೊಳ್ಳಲಿ. ಚಂದ್ರನ ಮ್ಯಾಲೆ ಅವ್ರಿಗೆ ಬ್ಯಾರೆ ಏನ್ ಕೆಲಸೈತಿ?"

"ಕೊನೆಯ ಕೂಗನ್ನಾದರೂ ಕತ್ತರಿಸಲೇ?"

"ಅದನ್ನ ತಗದ್ರ ನಾ ಯಾರಿಗೆ ಹಾಡೀನಂತ ಹೆಂಗ ತಿಳೀಬೇಕು? ಇರ್ಲಿ ಬಿಡ್ರಿ."

ಮೂರು ತಿಂಗಳಿಗೆ ಶ್ರವಣಾಗಾರದಿಂದ ದೂರು ಬಂತು. ಅಲ್ಲಿನ ವಾದನಯಂತ್ರ ಕೇಳುಗರ ಬಾಯಿಮಾತಿನ ಅಪ್ಪಣೆಯಂತೆ ನಡೆಯುವಂಥದ್ದು. ರಾಣಿ ಸತ್ತೊಡನೆ "ವನ್ಸ್ ಮೋರ್" ಎಂಬ ಕೂಗು ಕೇಳುತ್ತದೆ. ಅದು ಹಾಡಿನೊಳಗಿನ ಕೂಗೆಂದು ತಿಳಿಯದೆ ಯಂತ್ರ ಮತ್ತೆ ನುಡಿಸುತ್ತದೆ. ಮತ್ತೆ ಸಾವು, ಮತ್ತೆ ಕೂಗು. ಅಧಿಕಾರಿ "ನಿಲ್ಲಿಸು" ಎಂದರೆ ಒಂದು ಕಂಠ, ಆ ಕಡೆ ಎಂಟುನೂರು. ಯಂತ್ರ ಬಹುಮತಕ್ಕೆ ತಲೆಬಾಗುತ್ತದೆ. ಒಂಬತ್ತು ದಿನಗಳಿಂದ ಹೀಗೇ. ಈಗೀಗ ನೋಡಬಂದವರೂ ಕೂಗಿಗೆ ದನಿಗೂಡಿಸುತ್ತಿದ್ದಾರೆ.

"ಏನು ಉತ್ತರ ಬರೆಯಲಿ?" ಎಂದು ಪ್ರಮದಾ ಕೇಳಿದರು.

ಅಂಬಾಬಾಯಿ ಎಲೆಗೆ ಸುಣ್ಣ ಸವರುತ್ತ ನಕ್ಕರು.

"ಜನ ಬಿಟ್ರ ರಾಣಿ ಸಾಯ್ತಾಳಂತ ಬರೀರಿ."